ಷಡ್ಡಕನ ವಿಶ್ವ ಎಡವಿದ್ದು

ಜರಡಿ ಎಂಬ ಅಡ್ಡಹೆಸರು ಅವನಿಗೆ ಬಂದದ್ದು ಕೆಲಸಕ್ಕೆ ಸೇರಿದ ಮೇಲೆ. ಬುದ್ಧಿ ಮಾತ್ರ ಹುಟ್ಟಿನಿಂದಲೇ ಬಂದಿತ್ತು. ಮೊಸರಲ್ಲಿ ಕಲ್ಲು ಹುಡುಕುವ ಮಕ್ಕಳು ಎಲ್ಲ ಮನೆಗಳಲ್ಲೂ ಒಂದೊಂದು ಇರುತ್ತವೆ, ಇವನು ಕಲ್ಲನ್ನು ಹುಡುಕಿ, ತೊಳೆದು, ಒರೆಸಿ, ಅಮ್ಮನ ಮುಂದಿಟ್ಟು, "ಇದು ಹಾಲಲ್ಲೇ ಇತ್ತಾ, ಮೊಸರಾದ್ಮೇಲೆ ಬಿತ್ತಾ?" ಎಂದು ಕೇಳುವ ಪೈಕಿ. ಅಜ್ಜಿ ಕಥೆ ಹೇಳಲು ಕೂತರೆ, "ರಾಜನಿಗೆ ಏಳು ಜನ ಮಕ್ಕಳು ಅಂದೆ. ಬೇಟೆಗೆ ಹೋದೋರು ಆರೇ ಜನ. ಇನ್ನೊಬ್ಬ ಎಲ್ಲಿ?" ಎಂದು ತಡೆಯುತ್ತಿದ್ದ. "ಅವನು ನಿನ್ನ ಹಾಗೇ ಮನೇಲಿ ಕೂತು ಅವರಜ್ಜಿ ತಲೆ ತಿಂತಿದ್ದ" ಎಂದು ಅಜ್ಜಿ ಅಲ್ಲಿಗೇ ಕಥೆ ಮುಗಿಸುತ್ತಿದ್ದಳು. ಇವನು ಮುಂದೆ ವಕೀಲನಾಗುತ್ತಾನೆ ಎಂದು ಮನೆಯವರು ಅಂದುಕೊಂಡಿದ್ದರು. ಅವನು ಭೌತಶಾಸ್ತ್ರ ಓದಿ, ವಿಶ್ವ ಹೇಗೆ ಹುಟ್ಟಿತು ಎಂದು ಬೇರೆಯವರು ಹೇಳುವ ಕಥೆಗಳನ್ನು ತಡೆಯುವ ನೌಕರಿ ಹಿಡಿದ. ಅದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ಅಜ್ಜಿ ಕೊನೆಯವರೆಗೂ ನಂಬಲಿಲ್ಲ.

ಅವನ ಕೋಣೆ ಸಂಶೋಧನಾ ಕೇಂದ್ರದ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಕಿಟಕಿಯಾಚೆ ಸೈಕಲ್ ನಿಲ್ಲಿಸುವ ತಗಡಿನ ಮಾಡು. ಒಳಗೆ ಎರಡು ಪರದೆಯ ಕಂಪ್ಯೂಟರು, ಒಂದು ಕಾಲು ಕುಂಟುವ ಮೇಜು, ಬಂದವರು ಹೆಚ್ಚು ಹೊತ್ತು ಕೂರದಿರಲಿ ಎಂದು ಬೇಕೆಂದೇ ಇಟ್ಟುಕೊಂಡ ಗಟ್ಟಿ ಮರದ ಕುರ್ಚಿ. ಗೋಡೆಯ ಮೇಲೆ ಮೊಟ್ಟೆಯಾಕಾರದ ದೊಡ್ಡ ಚಿತ್ರ, ತುಂಬ ನೀಲಿ, ಕಿತ್ತಳೆ ಕಲೆಗಳು. ಬಣ್ಣ ಹೊಡೆಯಲು ಬಂದವನೊಬ್ಬ ಅದನ್ನು ನೋಡಿ, "ಸಾರ್, ಈ ಗೋಡೆಗೆ ಬೂಷ್ಟು ಹಿಡಿದುಬಿಟ್ಟಿದೆ, ಕೆರೆದು ಹೊಡೀಲಾ?" ಎಂದು ಕೇಳಿದ್ದನಂತೆ. ಅದು ಬೂಷ್ಟಲ್ಲ, ಇಡೀ ಆಕಾಶ. ಇರುವುದರಲ್ಲೆಲ್ಲ ಹಳೆಯ ಬೆಳಕಿನಲ್ಲಿ ತೆಗೆದ ಚಿತ್ರ.

ಸಂಗತಿ ಇಷ್ಟೇ. ವಿಶ್ವ ಹುಟ್ಟಿದ ಹೊಸತರಲ್ಲಿ ಎಲ್ಲೆಲ್ಲೂ ಕುದಿಯುವ ಮಬ್ಬು. ಆ ಮಬ್ಬು ತಿಳಿಯಾದ ಗಳಿಗೆಯಲ್ಲಿ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ನಮ್ಮ ಮೇಲೆ ಬೀಳುತ್ತಲೇ ಇದೆ. ದಾರಿಯುದ್ದಕ್ಕೂ ಆರಿ ಆರಿ ತಣ್ಣಗಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಯಂತ್ರಗಳಿಗೆ ಕಾಣುತ್ತದೆ. ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ ಸಮ. ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಅಲ್ಲಿ ಬಿಸಿ, ಇಲ್ಲಿ ತಂಪು. ಆಗಿನ ಕಾಲದಲ್ಲಿ ಎಲ್ಲಿ ಸಾಮಗ್ರಿ ಚೂರು ದಟ್ಟವಾಗಿತ್ತು, ಎಲ್ಲಿ ತೆಳುವಾಗಿತ್ತು ಎಂಬುದರ ಗುರುತು ಅದು. ದಟ್ಟವಾಗಿದ್ದ ಕಡೆ ಇನ್ನಷ್ಟು ಸೇರಿಕೊಂಡು ನಕ್ಷತ್ರಗಳಾದವು, ಗ್ರಹಗಳಾದವು, ಕೊನೆಗೆ ಸಾಕಾಗಿ ಮನುಷ್ಯರೂ ನೆಂಟರೂ ಆದರು. ಆ ಮೊದಲ ಏರುಪೇರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬೊಬ್ಬರದು ಒಂದೊಂದು ಮಾದರಿ. ಆಕಾಶದಲ್ಲಿ ಯಾವ ಅಳತೆಯ ಕಲೆ ಎಷ್ಟು ಗಾಢವಾಗಿರಬೇಕು ಎಂದು ಪ್ರತಿ ಮಾದರಿಯೂ ಒಂದು ಗೆರೆ ಬರೆದುಕೊಡುತ್ತದೆ. ನಿಜವಾದ ಆಕಾಶವೂ ಒಂದು ಗೆರೆ ಕೊಡುತ್ತದೆ. ಒಂದರ ಮೇಲೊಂದಿಟ್ಟು ಕೂಡಿಬರುತ್ತದೋ ಇಲ್ಲವೋ ನೋಡುವುದು ಜರಡಿಯ ಕೆಲಸ.

ಕೂಡಿಬಂದರೂ ಅವನು ಒಪ್ಪುತ್ತಿರಲಿಲ್ಲ. ಮಾದರಿಗೆ ಬೇಕಾದ ಹಾಗೆ ತಿರುಗಿಸಿ ಹೊಂದಿಸಿಕೊಳ್ಳುವ ತಿರುಪುಗಳನ್ನು ಸಾಕಷ್ಟು ಇಟ್ಟುಕೊಂಡರೆ ಯಾವ ಗೆರೆಯನ್ನು ಬೇಕಾದರೂ ಯಾವ ಗೆರೆಯ ಮೇಲೆ ಬೇಕಾದರೂ ಕೂರಿಸಬಹುದು. ಆದ್ದರಿಂದ ಒಂದೊಂದು ಹೆಚ್ಚಿನ ತಿರುಪಿಗೂ ಅಂಕದಲ್ಲಿ ಒಂದೊಂದು ದಂಡ. ಏನೂ ಆಡಂಬರವಿಲ್ಲದ ಒಂದು ಹಳೆಯ ಸಾದಾ ಮಾದರಿ ಇತ್ತು, ಕಡಿಮೆ ತಿರುಪಿನದು. ಅದರ ಮುಂದೆ ಹೊಸ ಹೊಸ ಮಾದರಿಗಳು ಅಲಂಕಾರ ಮಾಡಿಕೊಂಡು ಬಂದು, ದಂಡ ಕಟ್ಟಿ, ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು. ಮಾದರಿ ಹೆತ್ತವರು ಜರಡಿಯ ಕೋಣೆಯಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಅವನ ಕುಲಗೋತ್ರವನ್ನೆಲ್ಲ ಜಾಲಾಡುತ್ತಿದ್ದರು.

ಅವರಲ್ಲಿ ಮೊದಲನೆಯವನು ಅವನ ಷಡ್ಡಕ. ಇಬ್ಬರೂ ಮದುವೆಯಾದದ್ದು ಒಂದೇ ಮನೆಯ ಹೆಣ್ಣುಮಕ್ಕಳನ್ನು: ಅಕ್ಕ ಷಡ್ಡಕನ ಹೆಂಡತಿ, ತಂಗಿ ಜರಡಿಯ ಹೆಂಡತಿ. ಷಡ್ಡಕನನ್ನು ಕೇಂದ್ರದಲ್ಲಿ ಎಲ್ಲರೂ ಬ್ರಹ್ಮ ಅನ್ನುತ್ತಿದ್ದರು, ದಿನ ಬೆಳಗಾದರೆ ಒಂದು ಹೊಸ ವಿಶ್ವ ಸೃಷ್ಟಿ ಮಾಡುತ್ತಾನೆ ಎಂದು. ಎತ್ತರದ ಆಳು, ಗಂಟೆ ಹೊಡೆದಂತಹ ಗಂಟಲು, ಸೀಮೆಸುಣ್ಣ ಮೆತ್ತಿದ ಕೋಟು. ಈ ಸಂಬಂಧ ಕುದುರಿಸಿದವನೂ ಅವನೇ. ಮಾದರಿ ಪರೀಕ್ಷೆ ಮಾಡುವವನನ್ನೇ ಮನೆಯೊಳಗೆ ತಂದುಕೊಂಡರೆ ಮುಂದೆ ಅನುಕೂಲವಾದೀತು ಎಂದು ದೂರಾಲೋಚನೆ ಮಾಡಿ, ನಾದಿನಿಯನ್ನು ಜರಡಿಗೆ ಪರಿಚಯ ಮಾಡಿಸಿದ್ದ. ಬ್ರಹ್ಮನ ಲೆಕ್ಕಾಚಾರಗಳಲ್ಲಿ ಕೈಕೊಟ್ಟದ್ದು ಅದೊಂದೇ ಅಲ್ಲ, ಆದರೆ ಮೊದಲನೆಯದು ಅದು. ಮದುವೆಯಾದ ವರ್ಷವೇ ಜರಡಿ ಅವನ ಒಂದು ಮಾದರಿಯನ್ನು ಹೊಸ ಅಳಿಯನ ಸಂಕೋಚವೂ ಇಲ್ಲದೆ ಬೀಳಿಸಿದ.

ಬ್ರಹ್ಮನ ಮಾದರಿಗಳೆಲ್ಲ ಒಂದೇ ವಿಚಾರದ ಮಕ್ಕಳು. ಹುಟ್ಟಿದ ಮೊದಲ ಕ್ಷಣದಲ್ಲಿ ವಿಶ್ವ ಉಬ್ಬುತ್ತ ಓಡುತ್ತಿತ್ತಲ್ಲ, ಆಗ ಅದು ಒಂದು ಸಣ್ಣ ಮೆಟ್ಟಿಲಿಗೆ ಕಾಲು ತಾಗಿಸಿಕೊಂಡು ಎಡವಿತು ಎಂಬುದು ಅವನ ವಾದ. ಎಡವಿದ ಗುರುತು ಆಕಾಶದ ಗೆರೆಯಲ್ಲಿ ಉಳಿದಿರಬೇಕು: ಒಂದು ಕಡೆ ಸ್ವಲ್ಪ ತಗ್ಗು, ಅದರ ಹಿಂದೆ ಆರುತ್ತಾ ಹೋಗುವ ಸಣ್ಣ ಅಲೆಗಳು. ಮೆಟ್ಟಿಲನ್ನು ಹಿಂದೆ ಸರಿಸಿ, ಮುಂದೆ ಸರಿಸಿ, ಮೊನಚು ಮಾಡಿ, ಬೋಳು ಮಾಡಿ, ಇಪ್ಪತ್ತು ವರ್ಷ ಅವನು ವಿಶ್ವವನ್ನು ಎಡವಿಸುತ್ತಲೇ ಬಂದ. ಜರಡಿ ಅಷ್ಟೂ ಸಲ "ಎಡವಿದ್ದು ಕಾಣಿಸ್ತಿಲ್ಲ ಅಣ್ಣ" ಎಂದ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಬ್ರಹ್ಮ, "ಎಡವಿದ್ದು ಅಲ್ಲೇ ಇದೆ ಕಣಯ್ಯ. ನಿನ್ನ ಜರಡಿ ತೂತು ದೊಡ್ಡದು, ಸಣ್ಣದೆಲ್ಲ ಸೋರಿ ಹೋಗುತ್ತೆ. ನಿನಗೆ ಕಣ್ಣಿಲ್ಲ, ಅದಕ್ಕೆ ನಾನೇನು ಮಾಡ್ಲಿ?" ಎನ್ನುತ್ತಿದ್ದ. ಈ ಮಾತನ್ನು ಅವನು ಕೇಂದ್ರದಲ್ಲಿ ಹೇಳಿದ, ಊಟದ ಮೇಜಿನಲ್ಲಿ ಹೇಳಿದ, ಮಾವನವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ಮಂಚದ ಪಕ್ಕ ನಿಂತೂ ಹೇಳಿದ.

ಎರಡೂ ಸಂಸಾರ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ, ಎದುರುಬದುರು ಬಾಗಿಲು. ಸಾಮಾನ್ಯ ದಿನಗಳಲ್ಲಿ ಅಕ್ಕ ತಂಗಿ ಚಪ್ಪಲಿಯನ್ನೂ ಮೆಟ್ಟದೆ ಅತ್ತಿಂದಿತ್ತ ಓಡಾಡುವರು. ಒಂದು ಮಾದರಿ ಬಿತ್ತೆಂದರೆ ಅಕ್ಕನ ಬಾಗಿಲು ಮುಚ್ಚುತ್ತಿತ್ತು. ಅತ್ತಿಗೆ ಜರಡಿಯನ್ನು ಮೆಟ್ಟಿಲ ಮೇಲೆ ಕಂಡರೆ ಹವಾಮಾನ ಕೇಳಿದಷ್ಟೇ ಚುಟುಕಾಗಿ ಕ್ಷೇಮ ಕೇಳಿ ಮುಂದೆ ಹೋಗುವಳು. ಗಂಡನನ್ನು ಆಕೆ ಮನೆಯೊಳಗೆ ಚೆನ್ನಾಗಿಯೇ ಬೈಯುತ್ತಿದ್ದಳು. ಆದರೆ ಅದು ತನ್ನ ಹಕ್ಕು, ತಂಗಿಯ ಗಂಡನದಲ್ಲ ಎಂಬುದು ಅವಳ ನಿಲುವು. "ಒಂದ್ಸಲ, ಒಂದೇ ಸಲ ಹೂಂ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ ರೀ?" ಎಂದು ಜರಡಿಯ ಹೆಂಡತಿ ಕೇಳುತ್ತಿದ್ದಳು. ಅವನು ಬೆಳಕು, ತಿರುಪು, ದಂಡ ಎಂದೆಲ್ಲ ವಿವರಿಸಲು ಹೊರಟರೆ, "ಸಾಕು, ತರಕಾರಿ ಹೆಚ್ಚಿ" ಎಂದು ಚಾಕು ಕೈಗೆ ಕೊಡುತ್ತಿದ್ದಳು.

ಹೀಗೆ ನಡೆದಿರುವಾಗ ಬ್ರಹ್ಮ ನಿವೃತ್ತಿಯ ವರ್ಷಕ್ಕೆ ಬಂದ. ಕೊನೆಯದಾಗಿ ಒಂದು ಮಾದರಿ ತಂದು ಕೊಟ್ಟ. ಈ ಸಲ ಗಂಟೆಯ ಗಂಟಲು ಇರಲಿಲ್ಲ. ಗಟ್ಟಿ ಕುರ್ಚಿಯಲ್ಲಿ ಕೂತು, "ನೋಡಯ್ಯ. ಇನ್ನೊಂದು ಮಾಡೋಕೆ ನನ್ನಲ್ಲಿ ಕಸುವಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದ. ಜರಡಿಗೆ ಅವನ ಬೈಗುಳ ಕೇಳಿ ಅಭ್ಯಾಸವಿತ್ತು. ಈ ಮಾತು ಕೇಳಿ ಅಭ್ಯಾಸವಿರಲಿಲ್ಲ.

ಜರಡಿಯ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮಾದರಿಯನ್ನು ನಿಜವಾದ ಆಕಾಶಕ್ಕೆ ಹಚ್ಚುವ ಮೊದಲು ಕಂಪ್ಯೂಟರಿನಲ್ಲಿ ಒಂದು ಹುಸಿ ಆಕಾಶ ಮಾಡಬೇಕು. ಅದರೊಳಗೆ ಆ ಮಾದರಿಯ ಗುರುತನ್ನು ತಾನೇ ಬಿತ್ತಬೇಕು. ಆಮೇಲೆ ತನ್ನ ಲೆಕ್ಕದ ಜರಡಿ ಅದನ್ನು ಹಿಡಿಯುತ್ತದೋ ನೋಡಬೇಕು. ನಾವೇ ಕಳ್ಳನನ್ನು ಮನೆಯೊಳಗೆ ಬಿಟ್ಟು ನಾಯಿ ಬೊಗಳುತ್ತದೋ ಇಲ್ಲವೋ ನೋಡಿದ ಹಾಗೆ. ಇದರಲ್ಲಿ ಇನ್ನೂ ಒಂದು ಕಟ್ಟುನಿಟ್ಟು ಜರಡಿಯದೇ ಸ್ವಂತದ್ದು: ಹುಸಿ ಆಕಾಶಕ್ಕೂ ನಿಜವಾದದ್ದಕ್ಕೂ ಹೊರಗಿನಿಂದ ಏನೇನೂ ವ್ಯತ್ಯಾಸ ಇರಕೂಡದು. ನಾಯಿಗೆ ಇದು ಪರೀಕ್ಷೆ ಎಂದು ಗೊತ್ತಾದರೆ ಅದು ನಿಯತ್ತಾಗಿ ಬೊಗಳುವುದಿಲ್ಲ ಎಂದು ಅವನ ವಾದ. ಆದ್ದರಿಂದ ಎರಡಕ್ಕೂ ಒಂದೇ ಅಚ್ಚು, ಒಂದೇ ವೇಷ. ಒಂದನ್ನು ತೆಗೆದು ಇನ್ನೊಂದನ್ನು ಇಡುವುದು ಅವನ ಕೈಯೊಂದೇ. ಆ ಕೈಯನ್ನು ಮಾತ್ರ ಅವನು ಯಾವತ್ತೂ ಅನುಮಾನಿಸಿರಲಿಲ್ಲ.

ಆ ದಿನ ಹುಸಿ ಆಕಾಶದಲ್ಲಿ ಬ್ರಹ್ಮ ಹೇಳಿದ ಎಡವಿದ ಗುರುತನ್ನು ಬಿತ್ತಿ, ತನ್ನ ಲೆಕ್ಕದ ಜರಡಿ ಅದನ್ನು ಅಚ್ಚುಕಟ್ಟಾಗಿ ಹಿಡಿದದ್ದನ್ನು ನೋಡಿ, ಇನ್ನು ನಿಜವಾದ ಆಕಾಶವನ್ನು ಇಡೋಣ ಎಂದು ಕೈ ಚಾಚುವ ಹೊತ್ತಿಗೆ ಹೆಂಡತಿಯ ಫೋನು ಬಂತು. ಅಡುಗೆಮನೆಯ ಪೈಪು ಒಡೆದು ನೀರು ಕೋಣೆ ದಾಟಿ ಮೆಟ್ಟಿಲಿಳಿಯುತ್ತಿತ್ತು. ಅವನು ಓಡಿದ. ನಲ್ಲಿ ರಿಪೇರಿಯವನು ಬರುವ ತನಕ ಒಡೆದ ಪೈಪಿಗೆ ಬಟ್ಟೆ ಸುತ್ತಿ ಹಿಡಿದುಕೊಂಡು ನಿಂತ. ಮೊಣಕಾಲಿನವರೆಗೆ ತೊಯ್ದ ಪ್ಯಾಂಟಿನಲ್ಲೇ ಕೇಂದ್ರಕ್ಕೆ ವಾಪಸು ಬಂದು, ಕೂತು, ಗುಂಡಿ ಒತ್ತಿದ. ಆಕಾಶವನ್ನು ಬದಲಾಯಿಸಿಯೇ ಹೋಗಿದ್ದೆ ಎಂದು ಅವನ ಗಟ್ಟಿ ನಂಬಿಕೆ.

ಉತ್ತರ ಬಂತು. ವಿಶ್ವ ಎಡವಿತ್ತು.

ಜರಡಿ ಕಣ್ಣುಜ್ಜಿಕೊಂಡ. ಮತ್ತೆ ಓಡಿಸಿದ. ಎಡವಿತ್ತು. ಯಂತ್ರದ ಗದ್ದಲ ಸೋಸಿದ್ದನ್ನು ನೋಡಿದ, ದಂಡದ ಲೆಕ್ಕ ನೋಡಿದ, ಬ್ರಹ್ಮನ ಸಮೀಕರಣಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಲೋಕದಲ್ಲಿರುವ ಎಲ್ಲವನ್ನೂ ಅನುಮಾನಿಸಿದ, ತಾನು ಯಾವ ಆಕಾಶದ ಮೇಲೆ ಓಡಿಸುತ್ತಿದ್ದೇನೆ ಎಂಬುದೊಂದನ್ನು ಬಿಟ್ಟು. ಕನ್ನಡಿಯ ಮುಂದೆ ನಿಂತವನು ಎಷ್ಟು ಸಲ ತಲೆಯೆತ್ತಿದರೂ ಅದೇ ಮುಖ ತಾನೆ. ಕೊನೆಗೆ ಎದ್ದು ಷಡ್ಡಕನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು, "ಅಣ್ಣ, ಎಡವಿದ್ದು ಕಾಣಿಸ್ತು" ಎಂದ.

ಬ್ರಹ್ಮ ಕುಣಿಯಬಹುದು, "ನಾನು ಹೇಳಿರ್ಲಿಲ್ವಾ" ಎನ್ನಬಹುದು ಎಂದು ಜರಡಿ ತಯಾರಾಗಿ ಬಂದಿದ್ದ. ಬ್ರಹ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಸೀಮೆಸುಣ್ಣವೆಲ್ಲ ಮುಖಕ್ಕೆ ಮೆತ್ತಿತು.

ಆಮೇಲಿನ ದಿನಗಳು ಎರಡೂ ಮನೆಗೆ ಹಾಲು ಕುಡಿದಷ್ಟು ಸಂತೋಷದ ದಿನಗಳು. ಬಾಗಿಲುಗಳು ಹಗಲೆಲ್ಲ ತೆರೆದೇ ಇದ್ದವು. ಅತ್ತಿಗೆ ಜರಡಿಯನ್ನು ಕೂರಿಸಿ ಬಡಿಸಿದಳು, "ಇನ್ನೊಂಚೂರು ಹಾಕ್ಕೊಳ್ಳಿ, ಸೊರಗಿಬಿಟ್ಟಿದೀರಿ" ಎಂದಳು. ಅವನ ಹೊಟ್ಟೆ ಅಂಗಿಯ ಗುಂಡಿಯ ಜೊತೆ ಜಗಳವಾಡುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ. ಬ್ರಹ್ಮ ದಿನಾ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದ, ವಿಶ್ವದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದ. ಗೆದ್ದ ಮನುಷ್ಯ ಇಷ್ಟು ಸಾಧುವಾಗಿರುತ್ತಾನೆ ಎಂದು ಜರಡಿಗೆ ಗೊತ್ತೇ ಇರಲಿಲ್ಲ. ಅವನಿಗೂ ಖುಷಿಯಾಗಿತ್ತು. ಹುಟ್ಟಿದಾಗಿನಿಂದ ಇಲ್ಲ, ಇಲ್ಲ ಎಂದೇ ಬದುಕಿದವನು ಒಮ್ಮೆ ಹೌದು ಅಂದಿದ್ದ. ಆ ಮಾತು ಬಾಯಿಗೆ ಇಷ್ಟು ರುಚಿ ಎಂದು ಐವತ್ತು ದಾಟಿದ ಮೇಲೆ ತಿಳಿಯಿತು.

ಕೇಂದ್ರದ ನಿರ್ದೇಶಕರು ಸುಮ್ಮನಿರುವವರಲ್ಲ. ಶನಿವಾರ ದೊಡ್ಡ ಸಭಾಂಗಣದಲ್ಲಿ ಬ್ರಹ್ಮನ ಉಪನ್ಯಾಸ, ಅದಕ್ಕೆ ಹೊರಗಿನ ವಿದ್ವಾಂಸರೆಲ್ಲ ಬರುತ್ತಾರೆ ಎಂದು ಸಾರಿದರು. ಅದಕ್ಕೂ ಮೊದಲು ಗುರುವಾರ ಬೆಳಿಗ್ಗೆ ಕೇಂದ್ರದವರಿಗಷ್ಟೇ ಒಂದು ಸಂಭ್ರಮ. ಆಫೀಸಿನಾಕೆ ಉತ್ಸಾಹದವಳು. ಪರೀಕ್ಷೆಯ ಫಲಿತಾಂಶದ ಜೊತೆ ಕಂಪ್ಯೂಟರು ತಾನಾಗಿ ಕೊಡುವ ಆಕಾಶದ ಚಿತ್ರವನ್ನು ತೆಗೆದು ಬೇಕರಿಗೆ ಕಳಿಸಿ, ಕೇಕಿನ ಮೇಲೆ ತಿನ್ನುವ ಬಣ್ಣದಲ್ಲಿ ಅಚ್ಚು ಹಾಕಿಸಿ ತಂದಿದ್ದಳು. ಮೊಟ್ಟೆಯಾಕಾರದ ಕೇಕು, ಮೇಲೆ ಇಡೀ ಆಕಾಶ, ನೀಲಿ, ಕಿತ್ತಳೆ. "ಇವತ್ತು ವಿಶ್ವವನ್ನೇ ತಿನ್ನೋದು!" ಎಂದು ನಿರ್ದೇಶಕರು ತಾವೇ ಮೊದಲು ನಕ್ಕರು. ವಿಶೇಷವಾಗಿ ಕರೆಸಿಕೊಂಡಿದ್ದ ಅತ್ತಿಗೆ ಹೊಸ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬ್ರಹ್ಮ ಚಾಕು ಹಿಡಿದ. ಜರಡಿ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತ ಕೇಕಿನತ್ತ ನೋಡಿದ.

ಅವನು ಸಾಧಾರಣವಾಗಿ ಚಿತ್ರ ನೋಡುವವನಲ್ಲ, ಅಂಕಿ ನೋಡುವವನು. ಆದರೆ ಗೋಡೆಯ ಮೇಲಿನ ಆ ಆಕಾಶವನ್ನು ಇಷ್ಟು ವರ್ಷ ನೋಡೀ ನೋಡೀ ಅದರ ಒಂದೊಂದು ಕಲೆಯೂ ಅವನಿಗೆ ಅಮ್ಮನ ಮುಖದ ಮಚ್ಚೆಗಳಷ್ಟೇ ಪರಿಚಯ. ಬಲಗಡೆ ಕೆಳಗೆ ಒಂದು ಅಸಾಧ್ಯ ತಣ್ಣನೆಯ ಜಾಗವಿದೆ, ಗಾಢ ನೀಲಿ. ಮನಸ್ಸು ಕೆಟ್ಟಾಗ ಅವನ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಇವತ್ತು ಮನಸ್ಸು ಚೆನ್ನಾಗಿಯೇ ಇತ್ತು, ಆದರೂ ಕಣ್ಣು ಹೋಯಿತು. ಕೇಕಿನ ಬಲಗಡೆ ಕೆಳಗೆ ಕಿತ್ತಳೆ ಬಣ್ಣವಿತ್ತು.

ಬೇಕರಿಯವನು ಚಿತ್ರವನ್ನು ಉಲ್ಟಾ ಹಾಕಿರಬೇಕು ಎಂದುಕೊಂಡು ಎಡಗಡೆ ಮೇಲೆ ಹುಡುಕಿದ. ಇಲ್ಲ. ಎಡಗಡೆ ಕೆಳಗೆ, ಬಲಗಡೆ ಮೇಲೆ. ಇಲ್ಲ. ಅಷ್ಟರಲ್ಲಿ ಬ್ರಹ್ಮ ಆಕಾಶವನ್ನು ನಡುವಿಗೆ ಕತ್ತರಿಸಿದ. ಜರಡಿ ಜನರನ್ನು ತಳ್ಳಿಕೊಂಡು ಮುಂದೆ ಹೋಗಿ, "ಬಲಗಡೆ ಕೆಳಗಿಂದು, ಆ ತುಂಡು ನನಗೆ ಕೊಡಿ" ಎಂದ. "ಸರ್‌ಗೆ ಎಷ್ಟು ಆಸೆ ನೋಡಿ!" ಎಂದು ಆಫೀಸಿನಾಕೆ ನಗುತ್ತ ತಟ್ಟೆಗೆ ಹಾಕಿಕೊಟ್ಟಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಕಿತ್ತಳೆಯೇ. ಅಷ್ಟರಲ್ಲಿ ಅತ್ತಿಗೆ ಪಕ್ಕಕ್ಕೆ ಬಂದು, "ತಿನ್ನಿ, ತಿನ್ನಿ, ಯಾಕೆ ನೋಡ್ತಾ ಇದೀರಿ?" ಎಂದಳು. ಅವನು ತಿಂದ. ಬಿಸಿ ತುಪ್ಪ ಅನ್ನುತ್ತಾರಲ್ಲ, ನುಂಗಲೂ ಆಗದೆ ಉಗುಳಲೂ ಆಗದೆ, ಅದು ಎಂಥದು ಎಂದು ಅವನಿಗೆ ಒಂದು ತುಂಡು ಕೇಕು ಕಲಿಸಿತು.

ಕೊನೆಯ ಆಸೆಯೆಂದು ಬೇಕರಿಗೆ ಫೋನು ಮಾಡಿದ. ಚಿತ್ರ ಏನಾದರೂ ಆಚೀಚೆ ಆಯಿತೇ, ಬಣ್ಣ ಬದಲಾಯಿತೇ ಎಂದು ಕೇಳಿದ. ಬೇಕರಿಯವನಿಗೆ ಸಿಟ್ಟು ಬಂತು. "ನೀವು ಕಳಿಸಿದ್ದನ್ನೇ ಹಾಕಿದೀನಿ ಸಾರ್. ನೀಲಿ ಕೊಟ್ರೆ ನೀಲಿ, ಕಿತ್ತಳೆ ಕೊಟ್ರೆ ಕಿತ್ತಳೆ. ಆಕಾಶ ತಿದ್ದೋಕೆ ನನಗೇನು ಹುಚ್ಚಾ?"

ಜರಡಿ ಮಹಡಿ ಹತ್ತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹುಸಿ ಆಕಾಶ ಇಟ್ಟಲ್ಲೇ ಇತ್ತು. ನಿಜವಾದದ್ದನ್ನು ಅವನು ಮುಟ್ಟಿಯೇ ಇರಲಿಲ್ಲ. ಷಡ್ಡಕ ಹೇಳಿದ ಎಡವಿದ ಗುರುತನ್ನು ತಾನೇ ಬಿತ್ತಿ, ತಾನೇ ಹಿಡಿದು, ಊರಿಗೆಲ್ಲ ಸಾರಿದ್ದ. ತನ್ನ ಕಳ್ಳನನ್ನು ನೋಡಿ ತನ್ನ ನಾಯಿ ಬೊಗಳಿತ್ತು. ಲೋಕದ ಸೂಜಿಗಳಿಗೆಲ್ಲ ತೂತು ತೋರಿಸುತ್ತಿದ್ದ ಜರಡಿ ತನ್ನನ್ನು ತಾನು ಬೆಳಕಿಗೆ ಹಿಡಿದು ನೋಡಿಕೊಂಡಿದ್ದು ಅವತ್ತೇ.

ಮನೆಗೆ ಬಂದವನ ಮುಖ ನೋಡಿಯೇ ಹೆಂಡತಿ ಒಲೆ ಆರಿಸಿದಳು. ಅವನು ಎಲ್ಲ ಹೇಳಿದ. ಅವಳಿಗೆ ತಿರುಪು, ದಂಡ ಅರ್ಥವಾಗದಿದ್ದರೂ ಇದು ಅರ್ಥವಾಯಿತು.

"ಪೈಪು ಒಡೆದಿದ್ದಕ್ಕಾ?" ಎಂದಳು.

"ಪೈಪಿನ ತಪ್ಪಲ್ಲ ಕಣೇ. ನಂದು."

"ಭಾನುವಾರ ಹೇಳಿ. ಉಪನ್ಯಾಸ ಒಂದು ಮುಗೀಲಿ. ಸಾವಿರದ ಮುನ್ನೂರೆಂಬತ್ತು ಕೋಟಿ ವರ್ಷ ಕಾದಿದೆ ನಿಮ್ಮ ಬೆಳಕು. ಇನ್ನು ಮೂರು ದಿನ ಕಾಯಲ್ವಾ?"

"ಬೆಳಕು ಕಾಯುತ್ತೆ. ನಿನ್ನ ಭಾವ ಸಭೇಲಿ ನಿಂತು ಹೇಳಿದ್ಮೇಲೆ ಬೇರೆ ಯಾರಾದ್ರೂ ಓಡಿಸಿ ನೋಡ್ತಾರೆ. ಆಗ ನಗೋದು ನನ್ನ ನೋಡಿ ಅಲ್ಲ, ಅವರನ್ನ ನೋಡಿ."

ಅವಳು ಎದ್ದು ಬಾಗಿಲು ಮುಂದೆ ಮಾಡಿದಳು. ಎದುರು ಮನೆಯಿಂದ ಅಕ್ಕ ಯಾರಿಗೋ ಫೋನಿನಲ್ಲಿ ಗಟ್ಟಿಯಾಗಿ ಉಪನ್ಯಾಸದ ಸುದ್ದಿ ಹೇಳುತ್ತಿದ್ದುದು ಕೇಳಿಸುತ್ತಿತ್ತು. "ನೀವು ಹೊಟ್ಟೆಕಿಚ್ಚಿಗೆ ಮಾಡಿದ್ರಿ ಅಂತಾರೆ. ಅಕ್ಕ ನನ್ನ ಹತ್ರ ಮಾತು ಬಿಡ್ತಾಳೆ. ಈ ಸಲ ಒಂದು ವಾರಕ್ಕಲ್ಲ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಹೋಗಿ ಹೇಳಿ. ಆದ್ರೆ ನಿಮ್ಮ ಆ ಗಟ್ಟಿ ಕುರ್ಚೀಲಿ ಕೂರಿಸಿ ಹೇಳ್ಬೇಡಿ. ಒಂದು ದಿಂಬಾದ್ರೂ ಹಾಕಿ" ಎಂದಳು.

ಶುಕ್ರವಾರ ಮಧ್ಯಾಹ್ನ ಜರಡಿ ದಿಂಬು ಹಾಕಿದ ಕುರ್ಚಿಯಲ್ಲಿ ಷಡ್ಡಕನನ್ನು ಕೂರಿಸಿದ. ಬ್ರಹ್ಮ ದಿಂಬನ್ನು ಒತ್ತಿ ನೋಡಿ, "ಏನಯ್ಯ, ಗೆದ್ದವರಿಗೆ ಹೀಗೂ ಉಂಟಾ?" ಎಂದು ನಕ್ಕ. ಸುತ್ತಿ ಬಳಸುವುದು ಜರಡಿಗೆ ಬರುವುದಿಲ್ಲ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

ಬ್ರಹ್ಮನ ಮುಖ ಕೆಂಪಾಯಿತು. ಗಂಟೆಯ ಗಂಟಲು ವಾಪಸು ಬಂತು. "ನಂದೊಂದು ಗೆದ್ದಿದ್ದು ನಿನಗೆ ಜೀರ್ಣ ಆಗ್ಲಿಲ್ಲ, ಅಲ್ವೇನಯ್ಯ?"

"ಅದು ಜೀರ್ಣ ಆಗಿತ್ತು ಅಣ್ಣ. ಕೇಕು ಆಗಿಲ್ಲ."

"ಹೊಟ್ಟೆಕಿಚ್ಚು ನಿನಗೆ!"

"ಹೌದು, ಇದೆ. ಯಾವಾಗ್ಲೂ ಇತ್ತು. ನೀವು ಒಂದು ವಿಶ್ವ ಕಟ್ತೀರಿ, ನನಗೆ ಒಂದು ಗೂಡು ಕಟ್ಟೋಕೂ ಬರಲ್ಲ, ಬರೀ ಕೆಡವೋದು. ಆದ್ರೆ ಇದು ಅದಲ್ಲ. ಇಲ್ಲಿ ನೋಡಿ." ಜರಡಿ ಪರದೆಯ ಮೇಲಿನ ಆಕಾಶವನ್ನು ತೋರಿಸಿದ, ಗೋಡೆಯ ಮೇಲಿನದನ್ನು ತೋರಿಸಿದ. ಬಲಗಡೆ ಕೆಳಗೆ ಇಲ್ಲಿ ಕಿತ್ತಳೆ, ಅಲ್ಲಿ ನೀಲಿ.

ಬ್ರಹ್ಮ ಜಂಬದವನಿರಬಹುದು, ದಡ್ಡನಲ್ಲ. ಎರಡನ್ನೂ ನೋಡಿದ, ಇನ್ನೊಮ್ಮೆ ನೋಡಿದ. ಅವನ ದೊಡ್ಡ ಮೈ ದಿಂಬಿನ ಮೇಲೆ ಮೆಲ್ಲಗೆ ಕುಸಿಯಿತು.

"ನಿಜವಾದ್ದರ ಮೇಲೆ ಓಡಿಸಿದ್ಯಾ?"

"ಇಲ್ಲ. ನೀವಿಲ್ದೆ ನೋಡೋಕೆ ಮನಸ್ಸು ಬರ್ಲಿಲ್ಲ."

"ಇನ್ನೂ ಗೆಲ್ಲಬಹುದು, ಹಾಗಾದ್ರೆ."

"ಗೆಲ್ಲಬಹುದು."

"ಇಡು. ನಾನು ನೋಡ್ತಿರ್ತೀನಿ. ಈ ಸಲ ಯಾವ ಆಕಾಶ ಇಡ್ತೀಯ ಅಂತ ನನಗೂ ತೋರಿಸು."

ಜರಡಿ ನಿಜವಾದ ಆಕಾಶವನ್ನು ಇಟ್ಟ. ಬ್ರಹ್ಮ ಬಗ್ಗಿ ಬಲಗಡೆ ಕೆಳಗಿನ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ತಾನೇ ಗುಂಡಿ ಒತ್ತಿದ. ಲೆಕ್ಕ ಮುಗಿಯಲು ಹೊತ್ತು ಬೇಕಿತ್ತು. ಜರಡಿ ಕೆಳಗೆ ಹೋಗಿ ಯಂತ್ರದ ಚಹಾ ತಂದ. ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಮಾವನವರ ಹಳೆಯ ಕಾರಿನ ಬಗ್ಗೆ ಮಾತಾಡಿದರು. ಗೆಲ್ಲಲಿ, ಗೆಲ್ಲಲಿ, ಈ ಒಂದು ಸಲ ಗೆದ್ದುಬಿಡಲಿ ಎಂದು ಜರಡಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೊರಗೆ ಯಾರೋ ಸೈಕಲ್ ತೆಗೆಯುವಾಗ ಇನ್ನೊಂದು ಸೈಕಲ್ಲನ್ನು ಬೀಳಿಸಿ ಬೈದುಕೊಂಡು ಹೋದರು.

ಉತ್ತರ ಬಂತು. ಮೆಟ್ಟಿಲಿನ ಎತ್ತರ ಎಷ್ಟಿದ್ದರೆ ಆಕಾಶಕ್ಕೆ ಚೆನ್ನಾಗಿ ಹೊಂದುತ್ತದೆ ಎಂಬಲ್ಲಿ ಕಂಪ್ಯೂಟರು ಸೊನ್ನೆ ಎಂದು ಬರೆದಿತ್ತು. ವಿಶ್ವ ಎಲ್ಲೂ ಎಡವಿರಲಿಲ್ಲ. ನುಣ್ಣನೆಯ ನೆಲದ ಮೇಲೆ ನಡೆದಂತೆ ನಡೆದುಕೊಂಡು ಹೋಗಿತ್ತು.

ಬ್ರಹ್ಮ ಕೂಗಾಡಲಿಲ್ಲ. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು ಕೇಳಿದ: "ಆ ಹುಸಿ ಆಕಾಶದಲ್ಲಿ ನನ್ನ ಎಡವು ಬಿತ್ತಿದ್ಯಲ್ಲ. ಎಷ್ಟು ಬಿತ್ತಿದ್ದೆ? ಗೊತ್ತಾಗ್ಲಿ ಅಂತ ಜಾಸ್ತಿ ಬಿತ್ತಿದ್ಯಾ?"

"ಇಲ್ಲ ಅಣ್ಣ. ನೀವು ಹೇಳಿದಷ್ಟೇ. ಒಂದು ಗುಲಗಂಜಿಯಷ್ಟೂ ಜಾಸ್ತಿಯಿಲ್ಲ."

"ಅದು ಸಿಕ್ಕಿತು."

"ಸಿಕ್ಕಿತು."

"ತಗ್ಗು, ಅದರ ಹಿಂದಿನ ಅಲೆಗಳು, ಎಲ್ಲಾ?"

"ಎಲ್ಲಾ."

"ಅಂದ್ರೆ ನಿಜವಾದ ಆಕಾಶದಲ್ಲಿ ಇದ್ದಿದ್ರೆ ನಿನಗೆ ಸಿಕ್ಕೇ ಸಿಕ್ತಿತ್ತು."

ಜರಡಿ ಉತ್ತರ ಕೊಡುವ ಮೊದಲು ಷಡ್ಡಕನ ಮುಖ ನೋಡಿದ. ಯಾವ ಬಾಗಿಲು ಮುಚ್ಚುತ್ತಿದೆ ಎಂದು ಅವನಿಗೆ ಆಗ ತಿಳಿಯಿತು. "ಸಿಕ್ತಿತ್ತು ಅಣ್ಣ" ಎಂದ.

ಬ್ರಹ್ಮ ತಲೆಯಾಡಿಸಿದ. "ಇಪ್ಪತ್ತು ವರ್ಷ ನಿನಗೆ ಕಣ್ಣಿಲ್ಲ ಅಂತ ಎಲ್ಲರಿಗೂ ಹೇಳಿದೆ. ನನ್ನ ಹೆಂಡತಿಗೆ ಹೇಳಿದೆ, ನಿನ್ನ ಹೆಂಡತಿಗೂ ಹೇಳಿದೆ. ಬೇರೆಯವರಿಗಲ್ಲ ಕಣಯ್ಯ, ಅದನ್ನ ನನಗೇ ನಾನು ಹೇಳ್ಕೋತಿದ್ದೆ. ಅಲ್ಲೇ ಇದೆ, ಇವನಿಗೆ ಕಾಣ್ತಿಲ್ಲ ಅಷ್ಟೇ ಅಂತ. ಹೇಳ್ಕೊಂಡು ನಿದ್ದೆ ಮಾಡ್ತಿದ್ದೆ." ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಇವತ್ತು ಏನು ಹೇಳ್ಕೊಂಡು ನಿದ್ದೆ ಮಾಡ್ಲಿ, ಹೇಳು."

ಜರಡಿ ಬದುಕಿನಲ್ಲಿ ಮೊದಲ ಸಲ ಒಂದು ಸುಳ್ಳಿಗಾಗಿ ತಡಕಾಡಿದ. ಹೊಸ ಯಂತ್ರ ಬರುತ್ತದೆ, ಇನ್ನೂ ಸೂಕ್ಷ್ಮವಾಗಿ ನೋಡುತ್ತದೆ ಎನ್ನಬಹುದಿತ್ತು. ಮೆಟ್ಟಿಲು ಇನ್ನೂ ಚಿಕ್ಕದಿರಬಹುದು ಎನ್ನಬಹುದಿತ್ತು. ಬಾಯಿ ತೆರೆದ. ಅದರ ಬದಲು ಅಳು ಬಂತು. ಐವತ್ತು ದಾಟಿದ ಗಂಡಸು ಕುಂಟು ಮೇಜಿನ ಮೇಲೆ ಮೊಣಕೈಯೂರಿ ಬಿಕ್ಕಿ ಬಿಕ್ಕಿ ಅತ್ತ, ಮೇಜು ಅವನ ಜೊತೆಯಲ್ಲೇ ಅಲುಗಾಡಿತು.

ಬ್ರಹ್ಮ ಕನ್ನಡಕ ಹಾಕಿಕೊಂಡ. ಆಮೇಲೆ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟ. "ಸಾಕು, ಏಳು. ನಾಳೆ ಸಭೇಲಿ ನಾನೇ ಹೇಳ್ತೀನಿ, ಎಡವಿಲ್ಲ ಅಂತ. ಯಾರು ನೋಡಿದ್ದು ಅಂತ ಕೇಳ್ತಾರೆ. ನನ್ನ ಷಡ್ಡಕ ನೋಡಿದಾನೆ, ಅವನಿಗೆ ಕಾಣ್ಲಿಲ್ಲ ಅಂದ್ರೆ ಅಲ್ಲಿಲ್ಲ ಅಂತೀನಿ. ಈಗ ಮನೆಗೆ ನಡಿ. ನಿಮ್ಮತ್ತಿಗೆಗೆ ಹೇಳ್ಬೇಕು, ನನಗೊಬ್ಬನಿಗೇ ಆಗಲ್ಲ."